ಅಕ್ಕನ ಕೈನೋವಿಗೆ ಉಲ್ಲೇಖ

ಮೊನ್ನೆ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಂಗಸು ಕೈಗೆ ನೀಲಗಿರಿ ಎಣ್ಣೆ ತಿಕ್ಕಿಕೊಂಡು ಬಂದಿದ್ದಳು. ಕಿಟಕಿಯ ಗಾಜು ಜರುಗುತ್ತಿರಲಿಲ್ಲ, ವಾಸನೆ ಹೊರಗೆ ಹೋಗುವ ಹಾಗಿರಲಿಲ್ಲ. ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದರು. ನಾನು ಮಾತ್ರ ಸುಮ್ಮನೆ ಕೂತಿದ್ದೆ. ನಮ್ಮ ಮನೆಯಲ್ಲಿ ವರ್ಷಕ್ಕೊಂದು ದಿನ ಸಂಜೆ ಇದೇ ವಾಸನೆ ನಡುಮನೆಯಿಂದ ದೇವರ ಕೋಣೆವರೆಗೂ ತುಂಬಿರುತ್ತಿತ್ತು. ಅದು ನಮ್ಮ ಸುಮಿತ್ರಕ್ಕನ ಕೈನೋವಿನ ದಿನ.

ಸುಮಿತ್ರಕ್ಕ ಅಂದರೆ ನನ್ನ ಓರಗಿತ್ತಿ, ನಮ್ಮ ಭಾವನ ಹೆಂಡತಿ. ನಾನು ಮದುವೆಯಾಗಿ ಅರಸೀಕೆರೆಗೆ ಬಂದಾಗ ನನಗೆ ಸಾರಿಗೆ ಹುಳಿ ಎಷ್ಟು ಹಾಕಬೇಕು ಅನ್ನುವುದೂ ಗೊತ್ತಿರಲಿಲ್ಲ. ಅಕ್ಕ ಅತ್ತೆಗೆ ಕಾಣದ ಹಾಗೆ ಹಿಂದಿನಿಂದ ಬಂದು, ಬೆರಳಲ್ಲಿ ಇಷ್ಟು ಅಂತ ತೋರಿಸಿ ಹೋಗುತ್ತಿದ್ದರು. ಹನ್ನೊಂದು ವರ್ಷ ಒಂದೇ ಒಲೆ ಮುಂದೆ ಕೂತವರು ನಾವು. ಆಮೇಲೆ ಭಾವನಿಗೆ ಬೇಲೂರಿನ ಶಾಲೆಗೆ ವರ್ಗವಾಗಿ ಅವರು ಅಲ್ಲೇ ಮನೆ ಮಾಡಿದರು.

ವರ್ಷವಿಡೀ ಒಂದು ದಿನ ತಲೆನೋವು ಅಂತ ಮಲಗದ ಆ ಅಕ್ಕನಿಗೆ ಕಾರ್ತಿಕ ಮಾಸದ ತುಳಸಿ ಹಬ್ಬದ ಮಾರನೇ ದಿನ ಮಾತ್ರ ಬಲಗೈ ಬೀಳುತ್ತಿತ್ತು. "ಹೆಗಲಿಂದ ಬೆರಳ ತುದಿವರೆಗೆ ಜೀವ ಹೋದ ಹಾಗಾಗಿದೆ ಅತ್ತೆ" ಅನ್ನೋರು. ಲಟ್ಟಣಿಗೆ ಎತ್ತಲಿಕ್ಕೂ ಆಗದು. ಅತ್ತೆ ಗೊಣಗಿಕೊಂಡು, "ಹೋಗಿ ಮಾಲೇಕಲ್ಲು ಬೆಟ್ಟದ ಕೆಳಗಿರೋ ಆ ಎಣ್ಣೆ ತಿಕ್ಕೋಳ ಹತ್ರ ತೋರಿಸ್ಕೊಂಡು ಬಾ" ಅಂತ ಕಳಿಸೋರು. ಅಕ್ಕ ಬೆಳಿಗ್ಗೆ ಒಬ್ಬರೇ ಹೋದರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಬರೋರು, ಮೈಯೆಲ್ಲ ನೀಲಗಿರಿ ವಾಸನೆ. ಮಾರನೇ ದಿನ ಬೆಳಿಗ್ಗೆ ಅದೇ ಕೈಯಲ್ಲಿ ಇಪ್ಪತ್ತು ಚಪಾತಿ.

ನಾನು ಮೂರನೇ ವರ್ಷ ಅತ್ತೆಯನ್ನು ಕೇಳಿಯೇಬಿಟ್ಟೆ. ಅತ್ತೆ ಹಿತ್ತಲ ಬಾಗಿಲು ಮುಂದೆ ಮಾಡಿ ಹೇಳಿದರು. ಅಕ್ಕನಿಗೆ ಮೊದಲು ಒಂದು ಗಂಡುಮಗು ಆಗಿತ್ತಂತೆ. ಒಂಬತ್ತನೇ ದಿನ, ನಾಮಕರಣಕ್ಕೆ ಎರಡು ದಿನ ಇದೆ ಅನ್ನುವಾಗ, ಹೋಯಿತಂತೆ. ಅದು ತುಳಸಿ ಹಬ್ಬದ ಮಾರನೇ ದಿನ. ಹೆಸರಿಡದ ಮಗುವಿಗೆ ನಮ್ಮಲ್ಲಿ ತಿಥಿ ಇಲ್ಲ, ತರ್ಪಣ ಇಲ್ಲ, ಮಾತೂ ಇಲ್ಲ. "ಅವಳಿಗೆ ಅದೆಲ್ಲ ಪೂರ್ತಿ ಮರೆತುಹೋಗಿದೆ ಕಣೇ. ದೇವರು ದೊಡ್ಡವನು. ನೀನು ಎತ್ತಿಬಿಟ್ಟೀಯ!" ಅಂದರು ಅತ್ತೆ. ನಾನು ಎತ್ತಲಿಲ್ಲ. ಇಪ್ಪತ್ತು ವರ್ಷಕ್ಕೂ ಮೇಲೆ ಎತ್ತಲಿಲ್ಲ. ಎತ್ತಿದಾಗ ಇಡೀ ಲೋಕಕ್ಕೆ ಕಾಣುವ ಹಾಗೆ ಎತ್ತಿದೆ. ಅದನ್ನೇ ನಿಮಗೆ ಹೇಳಬೇಕಾಗಿರುವುದು.

ಎರಡು ವರ್ಷದ ಹಿಂದೆ ನಮ್ಮ ಮಹಡಿಗೆ ವಿಮಲಾ ಮೇಡಂ ಬಾಡಿಗೆಗೆ ಬಂದರು. ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳಿ ನಿವೃತ್ತರಾದವರು. ಬಂದ ತಿಂಗಳಿಗೇ ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿ ಕೂತರು. ನಾನು ಸಾರು ಕೊಡಲು ಹೋದವಳು, ಅವರ ಲ್ಯಾಪ್‌ಟಾಪಿನ ಮುಂದೆ ಕೂತೆ. ನನ್ನ ಯೋಗ್ಯತೆ ಏನು ಅಂದರೆ, ನಮ್ಮ ಭಜನಾ ಮಂಡಳಿಯ ಗುಂಪಿಗೆ ದಿನಾ ಒಂದು ಶ್ಲೋಕ ಕನ್ನಡದಲ್ಲಿ ಟೈಪು ಮಾಡಿ ಹಾಕುತ್ತಿದ್ದೆ, ಒತ್ತಕ್ಷರ ತಪ್ಪದ ಹಾಗೆ. ಅಷ್ಟು ಸಾಕು ಅಂದರು ಮೇಡಂ.

ಅದೊಂದು ವಿಶ್ವಕೋಶ. ಪುಸ್ತಕವಲ್ಲ, ಇಂಟರ್ನೆಟ್ಟಿನಲ್ಲಿರುವುದು. ಬರೀ ಮನೋವಿಶ್ಲೇಷಣೆಗೇ ಮೀಸಲು. ಮನಸ್ಸಿನ ಅಡಿಯಲ್ಲಿ ಇನ್ನೊಂದು ಮನಸ್ಸಿದೆ, ನಾವು ಮರೆತೆವು ಅಂದುಕೊಂಡದ್ದೆಲ್ಲ ಅಲ್ಲಿ ಹೋಗಿ ಕೂತಿರುತ್ತೆ, ಕನಸಾಗಿ, ಬಾಯಿತಪ್ಪಾಗಿ, ಕಾಯಿಲೆಯಾಗಿ ಮೇಲೆ ಬರುತ್ತೆ ಅನ್ನುವ ಶಾಸ್ತ್ರ. ಇದರ ಒಂದೊಂದು ವಿಷಯಕ್ಕೂ ಒಂದೊಂದು ಪುಟ. ಯಾರು ಬೇಕಾದರೂ ಬರೆಯಬಹುದು, ಯಾರು ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದು. ಸಂಬಳ ಇಲ್ಲ, ಸಾಹೇಬರಿಲ್ಲ. ಮೇಡಂ ಅದರ ಕನ್ನಡದ ಪುಟಗಳನ್ನು ಬರೆಯುತ್ತಿದ್ದರು. ಅವರು ಹೇಳುವುದು, ನಾನು ಒತ್ತುವುದು. ಅನ್ನಕ್ಕಿಟ್ಟು ಬಂದು 'ಪ್ರತಿರೋಧ'ದ ಪುಟ ಮುಗಿಸಿ, ಕುಕ್ಕರ್ ಮೂರು ಸಲ ಕೂಗಿದ ಮೇಲೆ ಇಳಿದು ಬರುತ್ತಿದ್ದೆ. ಬಿ.ಎ. ಮಾಡಿ ಪಾತ್ರೆ ತೊಳೆದ ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು, "ಈ ವಾಕ್ಯ ಸರಿಯಿದೆಯೇನ್ರೀ?" ಅಂತ ಕೇಳಿರಲಿಲ್ಲ. ಸಂಜೆ ದೀಪ ಹಚ್ಚಿ ಆ ದಿನ ದೇವರು ಮಾಡಿದ ಉಪಕಾರಗಳನ್ನು ಬೆರಳು ಮಡಿಸಿ ಹೇಳಿಕೊಳ್ಳುವುದು ನನ್ನ ಅಭ್ಯಾಸ. ಹಾಲು ಒಡೆಯಲಿಲ್ಲ, ಒಂದು. ನೀರು ಬಂತು, ಎರಡು. ಆ ದಿನಗಳಲ್ಲಿ ಮೂರನೇ ಬೆರಳು ಯಾವಾಗಲೂ ಮೇಡಮ್ಮಿನದು.

'ದಮನ' ಅನ್ನುವ ಪುಟಕ್ಕೆ ಬಂದೆವು. ತಡೆಯಲಾಗದ ದುಃಖವನ್ನು ಮನಸ್ಸು ತನಗೇ ಗೊತ್ತಿಲ್ಲದ ಹಾಗೆ ಒಳಗೆ ಒತ್ತಿಬಿಡುವುದು. ಮೇಡಂ ನಿಲ್ಲಿಸಿ, "ಉದಾಹರಣೆಗಳೆಲ್ಲ ಹೊರದೇಶದವೇ ಆದವು. ನಮ್ಮ ಮನೆಗಳಲ್ಲಿ ಆಗೋದು ಒಂದಿದ್ದರೆ ಚೆನ್ನಾಗಿರ್ತಿತ್ತು" ಅಂದರು. ನನ್ನ ಬಾಯಿ ಸುಮ್ಮನಿರಲಿಲ್ಲ. ಹೆಸರು ಹೇಳದೆ ಅಕ್ಕನ ಕೈಯ ವಿಷಯ ಹೇಳಿದೆ. ಮೇಡಂ ಕಪ್ಪು ಕನ್ನಡಕ ತೆಗೆದುಬಿಟ್ಟರು. "ಅದ್ಭುತ ಕಣ್ರೀ! ಬರೀರಿ. ನಿಮ್ಮ ಮಾತಲ್ಲೇ ಬರೀರಿ."

ಬರೆದೆ. ಒಂದು ಸಣ್ಣ ಊರಿನ ಗೃಹಿಣಿ, ಹೆಸರಿಡುವ ಮೊದಲೇ ಹೋದ ಮಗು, ಹಬ್ಬದ ಮಾರನೇ ದಿನ ಜೀವ ಹೋದ ಹಾಗಾಗುವ ಬಲಗೈ. ಕೊನೆಗೆ, 'ಈ ಗೃಹಿಣಿಗೆ ಘಟನೆಯ ನೆನಪೇ ಇಲ್ಲ' ಅಂತ ಒಂದು ಸಾಲು. ಅದನ್ನು ಒತ್ತಿದ ಮೇಲೆ ನನಗೆ ಎಂಥ ಹೆಮ್ಮೆ ಅಂತೀರಿ! ಅವತ್ತು ಸಂಜೆ ನಾಲ್ಕನೇ ಬೆರಳೂ ಮಡಿಸಿದೆ.

ಆಮೇಲೆ ಒಂದು ಶುಕ್ರವಾರ ಮಧ್ಯಾಹ್ನ ಅಕ್ಕನ ಮಗಳು ರಶ್ಮಿ ಹಾಸನದಿಂದ ಫೋನು ಮಾಡಿದಳು. ಅಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎಡ್. ಓದುತ್ತಿದ್ದಳು.

"ಚಿಕ್ಕಮ್ಮಾ, ಸೋಮವಾರ ನಂದು ಸೆಮಿನಾರ್. ದಮನದ ಮೇಲೆ. ಕನ್ನಡದಲ್ಲಿ ಏನೂ ಸಿಗಲ್ಲ ಅಂತ ಅಳ್ತಾ ಇದ್ದೆ, ಒಂದು ಪುಟ ಸಿಕ್ತು ನೋಡಿ, ಸೂಪರ್ ಆಗಿದೆ. ಒಂದು ಹೆಂಗಸಿನ ಕೈನೋವಿನ ಉದಾಹರಣೆ ಕೊಟ್ಟಿದ್ದಾರೆ. ಪ್ರಿಂಟ್ ತೆಗ್ಸಿದ್ದೀನಿ."

ನಾನು ಒಲೆ ಆರಿಸಿದೆ.

"ಇವತ್ತು ಸಂಜೆ ಊರಿಗೆ ಹೋಗ್ತೀನಿ. ನಾಳೆ ಬೆಳಿಗ್ಗೆ ಅಮ್ಮನ ಮುಂದೆ ಒಂದು ಸಲ ಪೂರ್ತಿ ಓದಿ ಪ್ರ್ಯಾಕ್ಟೀಸ್ ಮಾಡ್ತೀನಿ. ಅಮ್ಮಂಗೆ ಅರ್ಥ ಆದ್ರೆ ಕ್ಲಾಸಿಗೂ ಅರ್ಥ ಆಗುತ್ತೆ."

ಆ ಹುಡುಗಿಗೆ ತನಗೊಬ್ಬ ಅಣ್ಣ ಇದ್ದ ಅನ್ನುವುದು ಗೊತ್ತಿಲ್ಲ. ಅವಳು ಕೈಕೂಸಾಗಿದ್ದಾಗಲೇ ಬೇಲೂರಿಗೆ ಹೋದವರು. ಅಲ್ಲಿಗೆ ಹೋದ ಮೇಲೆ ಅಕ್ಕನ ಕೈನೋವಿನ ಸುದ್ದಿ ನಾನೂ ಕೇಳಲಿಲ್ಲ. ಓದಬೇಡ ಅಂದರೆ ಯಾಕೆ ಅಂತಾಳೆ. ಯಾಕೆ ಅಂತ ಹೇಳಿದರೆ ಹೇಳಿದ ಹಾಗಾಯಿತು. ಓದಿದರೆ ಅಕ್ಕನಿಗೆ ಮೂರನೇ ಸಾಲಿಗೆ ಗೊತ್ತಾಗುತ್ತೆ, ಇದು ತಾನು ಅಂತ. ಬರೆದವರು ಯಾರು ಅನ್ನುವುದಕ್ಕೂ ಬಹಳ ಯೋಚನೆ ಬೇಡ. ಅದಕ್ಕಿಂತ ಹೆಚ್ಚಿನ ಭಯ ಇನ್ನೊಂದಿತ್ತು. ದೇವರು ದಯಮಾಡಿ ಮರೆಸಿದ್ದನ್ನು ಹೆತ್ತ ಮಗಳ ಬಾಯಲ್ಲೇ ನೆನಪು ಮಾಡಿಸಿಬಿಟ್ಟರೆ ಅಕ್ಕನ ಗತಿ ಏನು?

ಮೆಟ್ಟಿಲು ಹತ್ತಿ ಓಡಿದೆ. ಮೇಡಂ ಮಲಗಿದ್ದರು. ನಾನೇ ಪುಟ ತೆಗೆದು, ನಾನು ಬರೆದ ಆರು ಸಾಲನ್ನೂ ಅಳಿಸಿ 'ಸೇವ್' ಒತ್ತಿದೆ. ಕೈ ಮುಗಿದು ಕೆಳಗೆ ಬಂದೆ. ಅರ್ಧ ಗಂಟೆ ಬಿಟ್ಟು ಹೋಗಿ ನೋಡಿದರೆ ಆರು ಸಾಲೂ ಇದ್ದ ಜಾಗದಲ್ಲೇ ಇವೆ! 'ಕಾರಣ ತಿಳಿಸದೆ ಅಳಿಸಿದ್ದನ್ನು ಮರಳಿಸಲಾಗಿದೆ' ಅಂತ ಯಾವನೋ ಪುಣ್ಯಾತ್ಮ ಬರೆದಿದ್ದಾನೆ. ಮತ್ತೆ ಅಳಿಸಿದೆ, ಮತ್ತೆ ಬಂತು. ಮೂರನೇ ಸಲ ಅಳಿಸುವಾಗ ಮೇಡಂ ಎದ್ದು ಬಂದು ನಿಂತಿದ್ದರು.

"ಅಳಿಸಿದ್ದು ಹೋಗಲ್ಲಮ್ಮ. ಇಲ್ಲಿ ನೋಡಿ, ಇತಿಹಾಸ ಅಂತ ಇದೆ. ಯಾರು ಯಾವಾಗ ಏನು ಬರೆದರು, ಏನು ತೆಗೆದರು, ಎಲ್ಲಾ ಇರುತ್ತೆ. ತೆಗೆದಷ್ಟೂ ಎದ್ದು ಕಾಣುತ್ತೆ. ಅವರನ್ನ ಕೇಳ್ದೇನೇ ಬರೆದ್ರಾ?"

"ನೀವೇ ತಾನೇ ಬರೀರಿ ಅಂದಿದ್ದು" ಅಂದೆ. ಅನ್ನಬಾರದಿತ್ತು. ಮೇಡಮ್ಮಿನ ಮುಖ ಸಣ್ಣದಾಯಿತು. "ಹೌದು, ನಾನೂ ಕೇಳಬೇಕಿತ್ತು" ಅಂದರು.

ನಮ್ಮ ಯಜಮಾನರ ಹತ್ತಿರ ಹೇಳಿಕೊಂಡರೆ ಇವರು ಪೇಪರಿನಿಂದ ತಲೆಯೆತ್ತದೆ, "ಆ ಹಳೇದೆಲ್ಲ ಯಾಕೆ ಕೆದಕೋಕೆ ಹೋದೆ?" ಅಂದು ಎದ್ದು ಹೋದರು.

ಶನಿವಾರ ಬೆಳಿಗ್ಗೆ ಬೇಲೂರಿನ ಬಸ್ಸು ಹತ್ತಿದೆ. ಸೀಟು ಸಿಕ್ಕಿತು. ಬೇರೆ ದಿನವಾಗಿದ್ದರೆ ಅದಕ್ಕೊಂದು ಬೆರಳು ಮಡಿಸುತ್ತಿದ್ದೆ. ಅವತ್ತು ಹತ್ತೂ ಬೆರಳು ಬ್ಯಾಗಿನ ಹಿಡಿಯನ್ನು ಹಿಡಿದು ಬೆಳ್ಳಗಾಗಿದ್ದವು. ಜಾವಗಲ್ಲಿನಲ್ಲಿ ಬಸ್ಸು ನಿಂತದ್ದು ನಿಂತೇ ಇತ್ತು. ಕಂಡಕ್ಟರನ್ನು ಕೇಳಿದರೆ, "ಡ್ರೈವರು ತಿಂಡಿಗೆ ಓಗವ್ರೆ ಕಣಕ್ಕ, ಬತ್ತಾರೆ" ಅಂದ. ಹಿಂದಿನ ಸೀಟಿನ ಮುದುಕ, "ಏನ್ಲಾ, ಮೂರು ಪ್ಲೇಟು ಇಡ್ಲಿ ತಿಂತಾನೇನ್ಲಾ ನಿನ್ ಡ್ರೈವರು?" ಅಂತ ಕೂಗಿದ. ಎಲ್ಲರೂ ನಕ್ಕರು. ನಾನು ಮನಸ್ಸಿನಲ್ಲೇ ಸಹಸ್ರನಾಮ ಹಿಡಿದಿದ್ದೆ, ನಡುವೆ ಎಲ್ಲಿ ಬಿಟ್ಟೆ ಅಂತ ತಿಳಿಯದೆ ನಾಲ್ಕು ಸಲ ಮೊದಲಿಂದ ಶುರು ಮಾಡಿದೆ.

ಹಳೇಬೀಡಿನಲ್ಲಿ ಶಾಲೆ ಮಕ್ಕಳ ದಂಡೊಂದು ಹತ್ತಿತು. ಆ ಗಲಾಟೆಯಲ್ಲಿ ಫೋನಿಗೆ ರಶ್ಮಿಯ ಮೆಸೇಜು. 'ಚಿಕ್ಕಮ್ಮ, ಶುರು ಮಾಡ್ತಿದ್ದೀನಿ. ಅಮ್ಮ ಹುರುಳಿಕಾಯಿ ಬಿಡಿಸ್ತಾ ಕೂತಿದ್ದಾರೆ. ಆಶೀರ್ವಾದ ಮಾಡಿ.' ಏನು ಆಶೀರ್ವಾದ ಮಾಡಲಿ? ಫೋನನ್ನು ಬ್ಯಾಗಿಗೆ ಹಾಕಿ ಕಣ್ಣು ಮುಚ್ಚಿಕೊಂಡೆ. ಮುಂದಿನ ಅರ್ಧ ಗಂಟೆಯಷ್ಟು ಉದ್ದದ ಅರ್ಧ ಗಂಟೆಯನ್ನು ನಾನು ಎರಡು ಹೆರಿಗೆಯಲ್ಲೂ ಕಂಡಿಲ್ಲ.

ಅಕ್ಕನ ಮನೆ ಬಾಗಿಲು ತೆಗೆದೇ ಇತ್ತು. ಭಾವ ಎಲ್ಲೋ ಹೊರಗೆ ಹೋಗಿದ್ದರು. ರಶ್ಮಿ ಚಾರ್ಟು ಪೇಪರು ತರಲು ಅಂಗಡಿಗೆ ಹೋಗಿದ್ದಳಂತೆ. ಅಕ್ಕ ನಡುಮನೆಯಲ್ಲಿ ಗೋಡೆಗೊರಗಿ ಕೂತಿದ್ದರು. ಮೊರದಲ್ಲಿ ಹುರುಳಿಕಾಯಿ ಅರ್ಧಕ್ಕೆ ನಿಂತಿತ್ತು. ತೊಡೆಯ ಮೇಲೆ ಪ್ರಿಂಟಿನ ಹಾಳೆ.

"ಬಾ" ಅಂದರು. ಕೂರು ಅನ್ನಲಿಲ್ಲ. ಕನ್ನಡಕ ಸರಿ ಮಾಡಿಕೊಂಡು ಓದಿದರು. "'ಹೆಗಲಿಂದ ಬೆರಳ ತುದಿವರೆಗೆ ಜೀವ ಹೋದ ಹಾಗೆ.' ಇದು ನಾನು ಅತ್ತೆ ಮುಂದೆ ಹೇಳ್ತಿದ್ದ ಮಾತು. ಆಗ ಒಲೆ ಮುಂದೆ ನೀನಿರ್ತಿದ್ದೆ."

"ಅಕ್ಕ, ತಪ್ಪಾಯ್ತು."

"ನನ್ನ ಕಂದನ್ನ ಉದಾಹರಣೆ ಮಾಡಿದೀಯಲ್ಲೇ."

ನಾನು ಅಲ್ಲೇ ನೆಲಕ್ಕೆ ಕೂತೆ. ಕಾಲು ಹಿಡಿಯೋಣ ಅಂತ ಕೈ ಚಾಚಿದರೆ ಅಕ್ಕ ಕಾಲು ಮಡಿಸಿಕೊಂಡರು.

"ಅದೂ ತಪ್ಪು ಉದಾಹರಣೆ" ಅಂದರು.

ನನಗೆ ಅರ್ಥವಾಗಲಿಲ್ಲ.

"'ನೆನಪೇ ಇಲ್ಲ' ಅಂತ ಬರ್ದಿದೀಯ. ಯಾರು ಹೇಳಿದ್ರು ನಿಂಗೆ?"

"ಅತ್ತೆ..."

"ಅತ್ತೆ ನನ್ನನ್ನ ಕೇಳಿದ್ರೇನು? ನೀನು ಕೇಳಿದ್ಯೇನು? ನನಗೆ ಆ ಕೈನೋವೇ ಇರಲಿಲ್ಲ ಕಣೇ. ಒಂದು ದಿನವೂ ಇರಲಿಲ್ಲ."

ಆಮೇಲೆ ಹುರುಳಿಕಾಯಿ ಕೈಗೆ ತೆಗೆದುಕೊಂಡು, ನಾರು ಎಳೆಯುತ್ತ, ಬೇರೆ ಯಾರದೋ ಮನೆ ವಿಷಯ ಹೇಳುವ ಹಾಗೆ ಹೇಳಿದರು. ಆ ಮನೆಯಲ್ಲಿ ಹದಿಮೂರು ಜನಕ್ಕೆ ಅಡುಗೆ. ಹೆಂಗಸು ಒಂದು ದಿನ ಹೊರಗೆ ಹೋಗಬೇಕು ಅಂದರೆ ಕಾರಣ ಹೇಳಬೇಕು. ಸತ್ತ ಮಗುವನ್ನು ನೆನೆಸಿಕೊಳ್ಳಬೇಕು ಅನ್ನುವುದು ಕಾರಣವಲ್ಲ, ಅಪಶಕುನ. ಕೈನೋವಾದರೆ ಬಿಡುತ್ತಾರೆ, ಯಾಕೆಂದರೆ ಕೈ ಬೇಕು. ಎಣ್ಣೆ ತಿಕ್ಕುವವಳು ಅಂತ ಯಾರೂ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಒಂದು ಸೀಸೆ ನೀಲಗಿರಿ ಎಣ್ಣೆ ಕೊಂಡು, ವಾಪಸು ಬರುವಾಗ ಬಳಿದುಕೊಂಡು ಬರುತ್ತಿದ್ದದ್ದು.

"ಮತ್ತೆ ಇಡೀ ದಿನ ಎಲ್ಲಿರ್ತಿದ್ರಿ ಅಕ್ಕ?"

"ಬೆಟ್ಟದ ಮೇಲೆ. ಸ್ವಾಮಿಗೆ ನಮಸ್ಕಾರ ಮಾಡಿ, ಹೊರಗೆ ಬಂಡೆ ಮೇಲೆ ಕೂತಿರ್ತಿದ್ದೆ. ಮಾವನವರು ಆ ಕೂಸನ್ನ ಎತ್ಕೊಂಡು ಹೋಗಿ ಎಲ್ಲಿ ಮಣ್ಣು ಮಾಡಿದ್ರು ಅಂತ ನನಗೆ ಹೇಳ್ಲಿಲ್ಲ. ನಿಮ್ಮ ಭಾವ ಅವತ್ತು ಊರಲ್ಲಿರಲಿಲ್ಲ, ಅವರಿಗೂ ಗೊತ್ತಿಲ್ಲ. ಮೇಲಿಂದ ನೋಡಿದ್ರೆ ಇಡೀ ಸೀಮೆ ಕಾಣುತ್ತೆ. ಎಲ್ಲಾದರೂ ಒಂದು ಕಡೆ ಇರ್ಲೇಬೇಕಲ್ಲ. ಎಲ್ಲಾ ಕಡೆಗೂ ಒಂದ್ಸಲ ನೋಡಿ ಬರ್ತಿದ್ದೆ."

ನನಗೆ ಅಳು ಬಂತು. ಅಕ್ಕನಿಗೆ ಬರಲಿಲ್ಲ. ಅಷ್ಟರಲ್ಲಿ ರಶ್ಮಿ ಸುರುಳಿ ಸುತ್ತಿದ ಚಾರ್ಟು ಹಿಡಿದು ಒಳಗೆ ಬಂದಳು. "ಅರೆ ಚಿಕ್ಕಮ್ಮ! ಏನಾಯ್ತು? ಅಮ್ಮ, ಹೇಗಿತ್ತು ಹೇಳ್ಲೇ ಇಲ್ಲ ನೀನು."

"ಓದಿದ್ದು ಚೆನ್ನಾಗಿತ್ತು. ಉದಾಹರಣೆ ಸರಿಯಿಲ್ಲ" ಅಂದರು ಅಕ್ಕ.

"ಅದೇ ಅಮ್ಮ ಚೆನ್ನಾಗಿರೋದು!"

"ಆ ಹೆಂಗಸು ನಾನು ಕಣೇ. ಕೂತ್ಕೋ."

ತಾಯಿ ಮಗಳಿಗೆ ಹೇಳಿದ್ದನ್ನು ನಾನು ಬರೆಯುವುದಿಲ್ಲ. ನಾನು ಅಡುಗೆಮನೆಗೆ ಹೋಗಿ ಕಾಫಿಗಿಟ್ಟೆ, ಹಾಲು ಉಕ್ಕಿ ಒಲೆಯೆಲ್ಲ ಆಯಿತು. ವಾಪಸು ಬರುವಾಗ ರಶ್ಮಿ ಅಮ್ಮನ ಬಲಗೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

"ಆ ಪುಟನ ತೆಗ್ಸಿಬಿಡೋಣ ಅಮ್ಮ" ಅಂದಳು ಹುಡುಗಿ. ನಾನು ಮೂರು ಸಲ ಅಳಿಸಿ ಸೋತದ್ದನ್ನು ಹೇಳಿದೆ. ಅಕ್ಕನ ಮುಖದಲ್ಲಿ ಅವತ್ತು ಮೊದಲ ಸಲ ಒಂದಿಷ್ಟು ನಗು ಕಂಡಿತು.

"ಯಾರು ಬೇಕಾದ್ರೂ ತಿದ್ದಬಹುದು ಅಂದ್ಯಲ್ಲ. ನಾನೂ ತಿದ್ದಬಹುದೇನು?"

"ತಿದ್ದಬಹುದು ಅಕ್ಕ."

"ಹಾಗಾದ್ರೆ ಬರಿ." ಅಕ್ಕ ಹೇಳಿದರು, ರಶ್ಮಿ ಫೋನಿನಲ್ಲಿ ಒತ್ತಿದಳು. 'ಮೇಲೆ ಹೇಳಿದ ಹೆಂಗಸಿಗೆ ಕೈನೋವು ಇರಲಿಲ್ಲ. ಅವಳಿಗೆ ಎಲ್ಲ ನೆನಪಿತ್ತು. ಅವಳಿಗೆ ವರ್ಷಕ್ಕೆ ಒಂದು ದಿನ ಬೇಕಿತ್ತು, ಅಷ್ಟೆ.'

ಕಾಫಿ ಕುಡಿದು ಲೋಟ ತೊಳೆದು ಬರುವಷ್ಟರಲ್ಲಿ ಆ ಸಾಲುಗಳ ಪಕ್ಕದಲ್ಲಿ ಚೌಕಾಕಾರದ ಕಂಸ ಹಾಕಿ 'ಉಲ್ಲೇಖ ಬೇಕು' ಅಂತ ಯಾರೋ ಅಂಟಿಸಿದ್ದರು.

"ಹಾಗಂದ್ರೇನೇ?"

"ಇದು ನಿಜ ಅನ್ನೋದಕ್ಕೆ ಯಾವುದಾದರೂ ಪುಸ್ತಕ ತೋರಿಸಿ ಅಂತ ಅಕ್ಕ."

"ನೀನು ಬರ್ದ ಸುಳ್ಳಿಗೆ ಪುಸ್ತಕ ಕೇಳಿದ್ರಾ?"

ಕೇಳಿರಲಿಲ್ಲ. ಅದು ಶಾಸ್ತ್ರಕ್ಕೆ ಒಪ್ಪುವ ಹಾಗಿತ್ತು, ಅದಕ್ಕೇ ಯಾರೂ ಕೇಳಿರಲಿಲ್ಲ. ನನಗೂ ಹಾಗೇ ಅಲ್ಲವೇ ಆದದ್ದು? ಅತ್ತೆ ಹೇಳಿದರು, ಮೇಡಮ್ಮಿನ ಪುಸ್ತಕ ಹೌದು ಅಂದಿತು, ಆರು ಸಾಲು ನೀಟಾಗಿ ಕೂತವು. ಹನ್ನೊಂದು ವರ್ಷ ಪಕ್ಕದಲ್ಲಿ ಕೂತವಳನ್ನು ಒಂದು ಮಾತು ಕೇಳಬೇಕು ಅಂತ ತೋಚಲಿಲ್ಲ.

"ಪುಸ್ತಕದಲ್ಲಿ ಎಲ್ಲಿ ಹುಡುಕ್ತಾರೆ, ನಾನು ಇಲ್ಲಿ ಕೂತಿರೋವಾಗ?" ಅಂದರು ಅಕ್ಕ.

ವಿಮಲಾ ಮೇಡಂ ಆ ರಾತ್ರಿಯೇ ವಿಶ್ವಕೋಶದವರಿಗೆ ಪತ್ರ ಬರೆದು, ತಪ್ಪು ತಮ್ಮದು ಅಂತ ಒಪ್ಪಿಕೊಂಡು, ಉದಾಹರಣೆಯನ್ನೂ ತಿದ್ದುಪಡಿಯನ್ನೂ ಪುಟದ ಇತಿಹಾಸದಿಂದಲೂ ತೆಗೆಸಿದರು. ಅದಕ್ಕೂ ದಾರಿ ಇತ್ತಂತೆ, ಕಾರಣ ಹೇಳಿ ಕೇಳಿದರೆ. ರಶ್ಮಿ ಸೆಮಿನಾರಿಗೆ ಬೇರೆ ಏನೋ ಓದಿದಳು. ನಾನು ಮೇಡಮ್ಮಿಗೆ ಈಗಲೂ ಟೈಪು ಮಾಡುತ್ತೇನೆ, ಉದಾಹರಣೆ ಮಾತ್ರ ಕೊಡುವುದಿಲ್ಲ. ಇದನ್ನು ನಿಮ್ಮ ಮುಂದೆ ಇಡುವ ಮೊದಲು ಅಕ್ಕನಿಗೆ ಫೋನಿನಲ್ಲಿ ಕೊನೆವರೆಗೂ ಓದಿ ಹೇಳಿದ್ದೇನೆ. ಹೆಸರುಗಳನ್ನು ಬದಲಾಯಿಸಿದ್ದೇನೆ. ಎರಡು ಕಡೆ ತಿದ್ದಿಸಿದರು, ತಿದ್ದಿದ್ದೇನೆ.

ಆದರೆ ನನ್ನ ಮನಸ್ಸು ಇನ್ನೊಂದು ಕಡೆ ಸಿಕ್ಕಿಕೊಂಡಿತ್ತು. ಕೂಸನ್ನು ಮಣ್ಣು ಮಾಡಲು ಮಾವನವರು ಒಬ್ಬರೇ ಹೋಗಿರಲಾರರು, ಹಾರೆ ಹಿಡಿಯಲು ಇನ್ನೊಬ್ಬರು ಬೇಕು. ಭಾವ ಊರಲ್ಲಿಲ್ಲದ ಮೇಲೆ ಆಗ ಮನೆಯಲ್ಲಿದ್ದ ಪ್ರಾಯದ ಗಂಡಸು ಅಂದರೆ ಇವರೊಬ್ಬರೇ. ಬೇಲೂರಿನಿಂದ ಬಂದ ದಿನವೇ ಕೇಳಿದೆ. ಇವರು ಊಟ ಬಿಟ್ಟು ಎದ್ದರು. ಯುಗಾದಿಗೆ ಕೇಳಿದೆ, "ನಿಂಗೆ ಬೇರೆ ಕೆಲಸ ಇಲ್ವಾ?" ಅಂದರು. ಜಗಳವಾಡಿ ಎರಡು ದಿನ ಮಾತು ಬಿಟ್ಟೆವು. ಆಮೇಲೆ ಬಾಯಲ್ಲಿ ಕೇಳುವುದನ್ನು ನಿಲ್ಲಿಸಿದೆ.

ಹೋದ ವಾರ, ಬೆಳಗಿನ ಕಾಫಿ ಹೊತ್ತಿನಲ್ಲಿ, ನಾನು ಕೇಳದೇ ಇರುವಾಗ ಇವರು ಹೇಳಿದರು.

"ಜಾವಗಲ್ ರಸ್ತೇಲಿ ಕೆರೆ ಏರಿ ಸಿಗುತ್ತಲ್ಲ, ಅದರ ಆಚೆ ಕೊನೇಲಿ. ಒಂದು ನೆಟ್ಟ ಕಲ್ಲಿದೆ, ಅದರ ಬಲಕ್ಕೆ. ಹೇಳಿದ್ರೆ ಅತ್ತಿಗೆ ದಿನಾ ಹೋಗಿ ಕೂರ್ತಾಳೆ, ಯಾರಿಗೂ ಹೇಳ್ಬೇಡ ಅಂತ ಅಪ್ಪ ಆಣೆ ಹಾಕಿಸ್ಕೊಂಡಿದ್ರು. ನನಗಾಗ ಹದಿನೆಂಟು." ಲೋಟ ಕೆಳಗಿಟ್ಟು, "ನನ್ನ ಟವೆಲ್ಲೇ ಕಣೇ ಸುತ್ತಿದ್ದು" ಅಂದರು.

ನಾನು ಬೇಲೂರಿಗೆ ಫೋನು ಮಾಡಿ, ಒಂದೂ ಮಾತು ಸೇರಿಸದೆ, ಇವರು ಹೇಳಿದ್ದನ್ನಷ್ಟೇ ಹೇಳಿದೆ. ಅರಸೀಕೆರೆಗೆ ಬರುವಾಗೆಲ್ಲ ಅಕ್ಕನ ಬಸ್ಸು ಅದೇ ಏರಿ ದಾಟಿ ಬರುತ್ತಿದ್ದದ್ದು.

"ಅಲ್ಲಿ ನೆರಳಿದೆಯೇನೇ?" ಅಂತ ಅಕ್ಕ ಕೇಳಿದರು.

ಇದೆ ಅಂದುಬಿಡುವುದು ಸುಲಭವಾಗಿತ್ತು. ನಾಲಿಗೆ ತುದಿಗೆ ಬಂದೂ ಇತ್ತು. "ನನಗೆ ಗೊತ್ತಿಲ್ಲ ಅಕ್ಕ. ನೋಡ್ಕೊಂಡು ಬಂದು ಹೇಳ್ತೀನಿ" ಅಂದೆ.

ಮೊನ್ನೆ ಬಸ್ಸು ಹತ್ತಿದ್ದು ಅದಕ್ಕೇ. ಏರಿಯ ಕೊನೆಯಲ್ಲಿ ಇಳಿಸಿ ಅಂದರೆ ಕಂಡಕ್ಟರು, "ಅಲ್ಲೇನೈತಕ್ಕ, ಸ್ಟಾಪಿಲ್ಲ" ಅಂದ. "ನಮ್ಮ ಮನೆಯವರೊಬ್ಬರಿದ್ದಾರೆ" ಅಂದೆ. ಇಳಿಸಿದ. ಕಲ್ಲು ಇದೆ, ಸ್ವಲ್ಪ ವಾಲಿದೆ. ಅದರ ಬಲಕ್ಕೆ ಒಂದು ಹೊಂಗೆ ಮರ, ಇಬ್ಬರು ತಬ್ಬಿದರೆ ಕೈಗೆ ಸಿಗುವಷ್ಟು ದಪ್ಪ. ಹನ್ನೆರಡು ಗಂಟೆಯ ಬಿಸಿಲು ನೆತ್ತಿಯ ಮೇಲಿತ್ತು. ನಾನು ಆ ನೆಲದ ಮೇಲೆ ನಿಂತು ಸುತ್ತಲೂ ನೋಡಿದೆ, ಎಲ್ಲಾದರೂ ಬಿಸಿಲು ಬೀಳುತ್ತದೆಯೇ ಅಂತ. ಪೂರ್ತಿ ನೋಡಿ ಆದ ಮೇಲೆ ಅಕ್ಕನಿಗೆ ಫೋನು ಮಾಡಿದೆ.